ಪೆಟ್ಟಾದ ನಾಯಿಗೆ ನೋವಿನ ಮಾತ್ರೆ: ಡೋಸಿಗಿಂತ ಮೊದಲಿನ ಪ್ರಶ್ನೆ

ಗಾಡಿ ಬಡಿದು ಕುಂಟುತ್ತ ಬಂದ ನಾಯಿಗೆ ಮನೆಯಲ್ಲಿರುವ ನೋವಿನ ಮಾತ್ರೆಯನ್ನು ಮುರಿದು ಅನ್ನದಲ್ಲಿ ಕಲಸಿ ಹಾಕುವವರಿದ್ದಾರೆ. 'ಮನುಷ್ಯರ ಡೋಸು ನಾಯಿಗೆ ಹೆಚ್ಚಾಗುತ್ತದೆ' ಎಂದು ಅದನ್ನು ತಡೆಯುವವರೂ ಇದ್ದಾರೆ. ಆ ಆಕ್ಷೇಪ ನಿಜ, ಆದರೆ ಅಪೂರ್ಣ. ಡೋಸು ಸರಿಯಿದ್ದರೂ ಪೆಟ್ಟಾದ ಮೊದಲ ಗಂಟೆಗಳಲ್ಲಿ ಈ ಮಾತ್ರೆ ಅಪಾಯವಾಗಬಲ್ಲದು ಎಂಬುದು ಇಲ್ಲಿಯ ವಾದ.

ಡೋಸಿನ ಲೆಕ್ಕವನ್ನೇ ಮೊದಲು ನೋಡೋಣ. ನಾಯಿಯ ತೂಕ 15 ಕೆ.ಜಿ. ಎಂದಿಟ್ಟುಕೊಂಡರೆ, 400 ಮಿ.ಗ್ರಾಂ. ಐಬುಪ್ರೊಫೆನ್ ಮಾತ್ರೆ ಒಂದು ಕೆ.ಜಿ.ಗೆ ಸುಮಾರು 27 ಮಿ.ಗ್ರಾಂ. ಬೀಳುತ್ತದೆ. ಹೊಟ್ಟೆಯೊಳಗೆ ಹುಣ್ಣೇಳಲು ಅಷ್ಟು ಸಾಕಾಗಬಹುದು. ನ್ಯಾಪ್ರೊಕ್ಸೆನ್ ಇನ್ನೂ ಕೆಟ್ಟದ್ದು. ಮನುಷ್ಯನ ರಕ್ತದಲ್ಲಿ ಅದರ ಪ್ರಮಾಣ ಅರ್ಧಕ್ಕಿಳಿಯಲು ಸುಮಾರು 14 ಗಂಟೆ ಹಿಡಿದರೆ ನಾಯಿಯಲ್ಲಿ 74 ಗಂಟೆಯ ಆಸುಪಾಸು. ಪಿತ್ತದ ಜೊತೆ ಕರುಳಿಗಿಳಿದ ಔಷಧ ಮತ್ತೆ ರಕ್ತಕ್ಕೆ ಸೇರುತ್ತಲೇ ಇರುತ್ತದೆ. ನಾಯಿಗಳಿಗೆಂದೇ ಪರವಾನಗಿ ಇರುವ ಮೆಲೋಕ್ಸಿಕಾಮ್‌ನ ಪ್ರಮಾಣ ಮೊದಲ ದಿನ ಕೆ.ಜಿ.ಗೆ 0.2 ಮಿ.ಗ್ರಾಂ., ಆಮೇಲೆ ದಿನಕ್ಕೊಮ್ಮೆ 0.1. ಮೆಡಿಕಲ್ ಶಾಪಿನಲ್ಲಿ ಸಿಗುವ 15 ಮಿ.ಗ್ರಾಂ. ಮಾತ್ರೆ ನಮ್ಮ ಈ ನಾಯಿಗೆ ಮೊದಲ ದಿನದ ಪ್ರಮಾಣದ ಐದು ಪಟ್ಟು.

ಇನ್ನು ಮುಖ್ಯ ವಿಷಯ. ಈ ಗುಂಪಿನ ಔಷಧಗಳು ದೇಹದಲ್ಲಿ ಪ್ರೊಸ್ಟಾಗ್ಲಾಂಡಿನ್ ಎಂಬ ರಾಸಾಯನಿಕ ತಯಾರಾಗದಂತೆ ತಡೆದು ನೋವನ್ನು ಇಳಿಸುತ್ತವೆ ಎಂದು 1971ರಲ್ಲಿ ವಿಜ್ಞಾನಿ ಜಾನ್ ವೇನ್ ತೋರಿಸಿಕೊಟ್ಟರು. ಆದರೆ ಅದೇ ಪ್ರೊಸ್ಟಾಗ್ಲಾಂಡಿನ್‌ಗೆ ಇನ್ನೊಂದು ಕೆಲಸವಿದೆ. ರಕ್ತ ಸೋರಿ ಒತ್ತಡ ಕುಸಿದಾಗ ಮೂತ್ರಪಿಂಡದ ರಕ್ತನಾಳಗಳನ್ನು ಮುಚ್ಚಿಕೊಳ್ಳದಂತೆ ಹಿಡಿದಿಡುವುದು ಅದು. ಆರೋಗ್ಯವಾಗಿರುವ ನಾಯಿಗೆ ಈ ಆಸರೆ ಅಷ್ಟಾಗಿ ಬೇಕಿಲ್ಲ. ಹೊಟ್ಟೆಯೊಳಗೆ ರಕ್ತ ಸೋರುತ್ತಿರುವ ನಾಯಿಗೆ ಅದೇ ಆಧಾರ. ಹೊರಗೆ ತರಚುಗಾಯವಷ್ಟೇ ಕಾಣುತ್ತಿದ್ದರೂ ಒಳಗೇನಾಗಿದೆ ಎಂದು ಮನೆಯಲ್ಲಿ ತಿಳಿಯುವ ಬಗೆಯಿಲ್ಲ. (ದನಗಳಿಗೆ ಕೊಟ್ಟ, ಇದೇ ಗುಂಪಿನ ಡೈಕ್ಲೋಫೆನಾಕ್ ಅವುಗಳ ಹೆಣ ತಿಂದ ರಣಹದ್ದುಗಳನ್ನು ಕೊಂದದ್ದೂ ಮೂತ್ರಪಿಂಡವನ್ನು ಕೆಡಿಸಿಯೇ. ಪಶುಚಿಕಿತ್ಸೆಯಲ್ಲಿ ಅದರ ಬಳಕೆಯನ್ನು ಭಾರತ 2006ರಲ್ಲಿ ನಿಷೇಧಿಸಿತು.)

ಹಾಗಾಗಿ ಪಶುವೈದ್ಯರು ಮೊದಲು ಒಸಡಿನ ಬಣ್ಣ, ನಾಡಿ ನೋಡುತ್ತಾರೆ, ಡ್ರಿಪ್ ಹಾಕುತ್ತಾರೆ. ನೋವಿಗೆ ಆ ಹೊತ್ತಿನಲ್ಲಿ ಬ್ಯುಟೊರ್ಫನಾಲ್‌ನಂಥ ಓಪಿಯಾಯ್ಡ್ ಚುಚ್ಚುಮದ್ದು. ಅದರ ಪರಿಣಾಮ ಹೆಚ್ಚು ಹೊತ್ತು ನಿಲ್ಲುವುದಿಲ್ಲ ಎಂಬುದು ನಿಜ. ರಕ್ತದೊತ್ತಡ ನೆಲೆಗೆ ಬಂದ ಮೇಲೆ ಮೆಲೋಕ್ಸಿಕಾಮ್‌ನ ಸರದಿ. ಟ್ರಮಡಾಲ್ ಮಾತ್ರೆಯ ಮೇಲೆ ನನಗೆ ಅಷ್ಟು ಭರವಸೆಯಿಲ್ಲ. ಮನುಷ್ಯರಲ್ಲಿ ನೋವು ತಗ್ಗಿಸುವುದು ಬಹುಪಾಲು ಯಕೃತ್ತು ಅದನ್ನು ಒಡೆದಾಗ ಸಿಗುವ ವಸ್ತು, ಅದು ನಾಯಿಯಲ್ಲಿ ತೀರ ಕಡಿಮೆ ಉತ್ಪತ್ತಿಯಾಗುತ್ತದೆ.

ನೋವು ಇಳಿದಿದೆಯೇ ಎಂದು ತಿಳಿಯಲು ಗ್ಲಾಸ್ಗೋ ವಿಶ್ವವಿದ್ಯಾಲಯದವರು ರೂಪಿಸಿದ ಮಾಪಕವಿದೆ. ಗಾಯದ ಸುತ್ತ ಎರಡು ಅಂಗುಲದ ಆಚೆಈಚೆ ಮೆಲ್ಲನೆ ಒತ್ತಿದಾಗ ನಾಯಿ ತಿರುಗಿ ನೋಡುತ್ತದೋ, ಗುರ್ ಎನ್ನುತ್ತದೋ, ಕಚ್ಚಲು ಬರುತ್ತದೋ ಎಂಬುದಕ್ಕೂ ಅಂಕವಿದೆ. ಒಟ್ಟು 24ರಲ್ಲಿ 6 ಮುಟ್ಟಿದರೆ ಇನ್ನಷ್ಟು ನೋವುಶಮನ ಬೇಕೆಂದು ಅರ್ಥ. ನಡೆಯಲಾಗದ ನಾಯಿಗೆ ನಡಿಗೆಯ ಅಂಕ ಬಿಟ್ಟು 20ಕ್ಕೆ ಲೆಕ್ಕ.

ಆಸ್ಪತ್ರೆ ಮುಟ್ಟುವವರೆಗೆ ಮನೆಯವರು ಮಾಡಬಹುದಾದದ್ದು ಸ್ವಲ್ಪವೇ: ರಕ್ತ ಸೋರುವಲ್ಲಿ ಬಟ್ಟೆಯಿಂದ ಒತ್ತಿ ಹಿಡಿಯುವುದು, ಹಲಗೆಯ ಮೇಲೆ ಮಲಗಿಸಿ ಎತ್ತುವುದು, ವಾಂತಿಯಾಗಲಿ ಉಬ್ಬಸವಾಗಲಿ ಇಲ್ಲದಿದ್ದರೆ ಬಾಯಿಗೆ ಸಡಿಲವಾಗಿ ಬಟ್ಟೆಪಟ್ಟಿ ಕಟ್ಟುವುದು. ಸಾಕಿದವರ ಕೈಯನ್ನೂ ನೋವಿನಲ್ಲಿರುವ ನಾಯಿ ಕಚ್ಚುತ್ತದೆ. ಮಾತ್ರೆ ಆಗಲೇ ಹೊಟ್ಟೆ ಸೇರಿದ್ದರೆ ಅದರ ಸ್ಟ್ರಿಪ್ಪನ್ನು ವೈದ್ಯರಿಗೆ ತೋರಿಸಿ, ಕೊಟ್ಟ ಹೊತ್ತನ್ನೂ ತಿಳಿಸಬೇಕು. ಅದು ಗೊತ್ತಿಲ್ಲದೆ ಡೆಕ್ಸಾಮೆಥಸೋನ್‌ನಂಥ ಸ್ಟೀರಾಯ್ಡ್ ಚುಚ್ಚಿದರೆ ಎರಡೂ ಸೇರಿ ಜಠರದ ಗೋಡೆಗೆ ತೂತು ಬೀಳುವ ಅಪಾಯವಿದೆ.