ಘರಪಟ್ಟಿ ಮತ್ತು 1970ರ ಠರಾವು

ನೌಕರಿಗೆಂದೋ ಹೋಟೆಲ್ ಕೆಲಸಕ್ಕೆಂದೋ ಪುಣೆಗೆ ಬಂದ ನಮ್ಮಲ್ಲಿ ಬಹುಮಂದಿ, ಮೊದಲು ಬಾಡಿಗೆ ಕೋಣೆಗಳಲ್ಲಿ ದಿನ ಕಳೆದು, ಕೂಡಿಟ್ಟ ಹಣಕ್ಕೆ ಸಾಲವನ್ನೂ ಸೇರಿಸಿ ಸ್ವಂತ ಮನೆ ಮಾಡಿಕೊಂಡವರು. ಮನೆಯ ಬೆನ್ನಿಗೇ ಬರುವುದು ಮಹಾನಗರಪಾಲಿಕೆಯ ಆಸ್ತಿ ತೆರಿಗೆ. ಇಲ್ಲಿನವರ ಬಾಯಲ್ಲಿ ಅದು ಘರಪಟ್ಟಿ, ನಮ್ಮೂರ ಮಾತಿನಲ್ಲಿ ಮನೆ ಕಂದಾಯ. ಬಿಲ್ಲು ಬಂದೊಡನೆ ಹಣ ತುಂಬುವ ನಾವು, ಅದರೊಳಗೆ ಅಡಗಿರುವ ಒಂದು ರಿಯಾಯಿತಿಯ ಚರಿತ್ರೆಯನ್ನೂ ತಿಳಿದಿರುವುದು ಒಳ್ಳೆಯದು.

1949ರ ಮುಂಬಯಿ ಪ್ರಾಂತೀಯ ಮಹಾನಗರಪಾಲಿಕೆಗಳ ಕಾಯಿದೆಯಂತೆ ಈ ತೆರಿಗೆಗೆ ಆಧಾರ ಮನೆಯ ಬಾಡಿಗೆ ಮೌಲ್ಯ. ಎಂದರೆ, ಮನೆಯನ್ನು ಬಾಡಿಗೆಗೆ ಕೊಟ್ಟರೆ ವರ್ಷಕ್ಕೆ ನ್ಯಾಯವಾಗಿ ಎಷ್ಟು ಬಂದೀತು ಎಂಬ ಅಂದಾಜು. ಅದರಲ್ಲಿ ರಿಪೇರಿ ಖರ್ಚಿಗೆಂದು ನೂರಕ್ಕೆ 10 ಕಳೆಯಬೇಕೆಂದು ಕಾಯಿದೆಯೇ ಹೇಳಿತ್ತು. ಆದರೆ ತನ್ನ ಮನೆಯಲ್ಲಿ ತಾನೇ ವಾಸಿಸುವವನಿಗೆ ಬಾಡಿಗೆ ಬರುವುದಾದರೂ ಎಲ್ಲಿಂದ? 1950ರಲ್ಲಿ ಮಹಾನಗರಪಾಲಿಕೆಯಾದ ಪುಣೆ, 1970ರಲ್ಲಿ ಒಂದು ಠರಾವು ಮಾಡಿ, ಸ್ವಂತ ವಾಸದ ಮನೆಗೆ ನೂರಕ್ಕೆ 40ರ ರಿಯಾಯಿತಿ ಕೊಟ್ಟಿತು; ರಿಪೇರಿಯ ವಜಾವನ್ನೂ 15ಕ್ಕೆ ಏರಿಸಿತು. 1,000 ರೂಪಾಯಿ ಬಾಡಿಗೆ ಮೌಲ್ಯದ ಮನೆಗೆ ಕಾಯಿದೆಯಂತೆ 900 ರೂಪಾಯಿಯ ಮೇಲೆ ತೆರಿಗೆ ಬೀಳಬೇಕು. ಠರಾವಿನಂತೆ ಬಿದ್ದದ್ದು 510 ರೂಪಾಯಿಯ ಮೇಲೆ.

ಈ ವಿಚಾರ ಪುಣೆಗೆ ಮಾತ್ರ ಹೊಳೆದದ್ದಲ್ಲ. ಬೆಂಗಳೂರಿನಲ್ಲಿ 2008ರಲ್ಲಿ ಬಂದ ಹೊಸ ತೆರಿಗೆ ಪದ್ಧತಿಯಲ್ಲೂ ಸ್ವಂತ ವಾಸದ ಮನೆಯ ದರ ಬಾಡಿಗೆ ಮನೆಯ ದರದ ಅರ್ಧದಷ್ಟಿತ್ತು. ಆದರೆ ಅಲ್ಲಿ ಅದು ತೆರಿಗೆ ದರದಲ್ಲಿಯೇ ಸೇರಿತ್ತು. ಇಲ್ಲಿ ಅದಕ್ಕಿದ್ದ ಬಲ ಪಾಲಿಕೆಯ ಠರಾವು ಒಂದೇ.

ತೊಡಕು ಹುಟ್ಟಿದ್ದೂ ಅಲ್ಲಿಯೇ. ಕಾಯಿದೆಯಲ್ಲಿ ಇಲ್ಲದ ರಿಯಾಯಿತಿಯನ್ನು ಪಾಲಿಕೆ ಕೊಟ್ಟದ್ದು ಹೇಗೆ ಎಂದು ಲೆಕ್ಕಪರಿಶೋಧಕರು ಆಕ್ಷೇಪವೆತ್ತಿದರು. ಅರ್ಧ ಶತಮಾನ ನಡೆದುಬಂದ ಪದ್ಧತಿ ರಾಜ್ಯ ಸರಕಾರದ ಆದೇಶದಿಂದ 2019ರಲ್ಲಿ ಮುರಿದುಬಿತ್ತು. ಹೊಸದಾಗಿ ಪಟ್ಟಿಗೆ ಸೇರಿದ ಮನೆಗಳಿಗೆ ಪೂರ್ಣ ತೆರಿಗೆ ಬಂತು. 2022ರಲ್ಲಿ ಹಿಂದಿನ ವರ್ಷಗಳ ಬಾಕಿ ಕಟ್ಟಬೇಕೆಂಬ ಸಂದೇಶಗಳು ಸಾವಿರಾರು ಮನೆಗಳವರಿಗೆ ಬಂದಾಗ ಊರಿನಲ್ಲಿ ಗದ್ದಲವೆದ್ದಿತು. ಮನೆಸಾಲದ ಕಂತಿನ ಮೇಲೆ ನೆನೆಯದ ಬಾಕಿ ಬಿದ್ದರೆ ಸಂಬಳದಾರನ ಗತಿಯೇನು? 2023ರ ಫೆಬ್ರವರಿಯ ಕಸಬಾ ಪೇಠೆ ಉಪಚುನಾವಣೆಯಲ್ಲೂ ಇದೊಂದು ವಿಷಯವಾಯಿತು. ಅದೇ ಏಪ್ರಿಲಿನಲ್ಲಿ ರಾಜ್ಯ ಸಂಪುಟ ರಿಯಾಯಿತಿಯನ್ನು ಮರಳಿ ಕೊಟ್ಟಿತು. ಹಿಂದಿನ ಬಾಕಿಯನ್ನೂ ಕೈಬಿಟ್ಟಿತು. ರಿಪೇರಿಯ ವಜಾ ಮಾತ್ರ ಪುನಃ 10ಕ್ಕೆ ಇಳಿಯಿತು. ನಾವು ಮೇಲೆ ಹೇಳಿದ ಮನೆಗೆ ಈಗಿನ ಲೆಕ್ಕ 540 ರೂಪಾಯಿ.

ಆದರೆ ರಿಯಾಯಿತಿ ತಾನಾಗಿ ಎಲ್ಲರ ಮನೆಬಾಗಿಲಿಗೆ ಬರಲಿಲ್ಲ. ಅದನ್ನು ಕಳೆದುಕೊಂಡವರೂ, 2019ರ ನಂತರ ಪಟ್ಟಿಗೆ ಸೇರಿದವರೂ ಪಿಟಿ-3 ಎಂಬ ಅರ್ಜಿಯನ್ನು 25 ರೂಪಾಯಿ ಶುಲ್ಕದೊಡನೆ ಕೊಟ್ಟು, ತಾವೇ ವಾಸವಿರುವುದಕ್ಕೆ ಪುರಾವೆ ತೋರಿಸಬೇಕಾಯಿತು: ಸೊಸೈಟಿಯ ಪತ್ರ, ಮತದಾರರ ಚೀಟಿ, ಗ್ಯಾಸ್ ಕಾರ್ಡು, ರೇಷನ್ ಕಾರ್ಡು ಮುಂತಾದವು. ಇಲ್ಲಿ ಮನೆಯಿದ್ದೂ ಮತದಾರರ ಪಟ್ಟಿಯಲ್ಲಿ ಹೆಸರನ್ನು ಊರಿನಲ್ಲಿಯೇ ಉಳಿಸಿಕೊಂಡಿರುವ ನಮ್ಮ ಬಾಂಧವರಿಗೆ ಈ ಮಾತು ವಿಶೇಷವಾಗಿ ಸಲ್ಲುತ್ತದೆ. ರಿಯಾಯಿತಿ ಮನೆಯ ಒಡೆತನಕ್ಕಲ್ಲ, ವಾಸಕ್ಕೆ. ಪುಣೆಯಲ್ಲಿ ನೆಲೆಸಿದ್ದೇವೆಂದು ಮನಸ್ಸು ಹೇಳಿದರೆ ಸಾಲದು, ಕಾಗದವೂ ಹೇಳಬೇಕು. ಈ ಸಲದ ಬಿಲ್ಲು ಕೈಗೆ ಬಂದಾಗ ಒಟ್ಟು ಮೊತ್ತವನ್ನಷ್ಟೇ ನೋಡದೆ, ಸ್ವಂತ ವಾಸವೆಂದು ದಾಖಲಾಗಿದೆಯೇ ಎಂದು ಎಲ್ಲರೂ ಒಮ್ಮೆ ಪರೀಕ್ಷಿಸಿಕೊಳ್ಳೋಣ.