ಗಾಲ್ಫ್ ಮೈದಾನದಲ್ಲಿ ನಿಧಾನ: ಒಂದು ಹಳೆಯ ವ್ಯಾಜ್ಯದ ಇತಿಹಾಸ

ಈ ಪುಟದಲ್ಲಿ ಕೂಲಿಮಠಗಳ ಬಗ್ಗೆಯೂ ಹಳೆಯ ಸೇರು-ಬಳ್ಳಗಳ ಬಗ್ಗೆಯೂ ಬರೆಯುತ್ತಿದ್ದವನು ಏಕಾಏಕಿ ಗಾಲ್ಫ್ ಆಟದ ಬಗ್ಗೆ ಬರೆಯಹೊರಟಿರುವುದನ್ನು ಕಂಡು ನಿಮಗೆ ನಗು ಬರಬಹುದು. ನಾನು ಆ ಆಟವನ್ನು ಆಡಿದವನಲ್ಲ. ತರಬೇತಿಯ ದಿನಗಳಲ್ಲಿ ಬೆಂಗಳೂರಿನ ಸ್ಯಾಂಕಿ ರಸ್ತೆಯಲ್ಲಿ ಬಸ್ಸಿನಲ್ಲಿ ಹೋಗುವಾಗ, 1876ರಲ್ಲಿ ಸ್ಥಾಪನೆಯಾದ ಬೆಂಗಳೂರು ಗಾಲ್ಫ್ ಕ್ಲಬ್ಬಿನ ಹಸಿರನ್ನು ಬೇಲಿಯಾಚೆ ಕಂಡದ್ದಷ್ಟೇ ನನ್ನ ಪರಿಚಯ. ಈ ಲೇಖನಕ್ಕೆ ಕಾರಣ, ಕಳೆದ ಮಾಗಿಯಲ್ಲಿ ಮನೆಗೆ ಬಂದಿದ್ದ ಹಳೆಯ ಶಿಷ್ಯನೊಬ್ಬ.

ಆತ ಈಗ ಒಂದು ಕ್ಲಬ್ಬಿನ ಸದಸ್ಯ. ಹವ್ಯಾಸಿಗಳ ವಾರ್ಷಿಕ ಪಂದ್ಯಾವಳಿಯ ಸಮಿತಿಯಲ್ಲಿಯೂ ಇದ್ದಾನೆ. ಮೂವರಂತೆ 24 ತಂಡಗಳು, 72 ಆಟಗಾರರು. ಕೊನೆಯ ತಂಡ ಹದಿನೆಂಟು ಕುಳಿಗಳನ್ನು ಮುಗಿಸಿ ಹೊರಬರುವಾಗ ಆರು ಗಂಟೆ ಮೀರಿತ್ತಂತೆ. ಊಟ ಆರಿಹೋಯಿತು, ಬಹುಮಾನ ವಿತರಣೆಗೆ ಬಂದಿದ್ದ ಅತಿಥಿಗಳು ಕಾದು ಕಾದು ಎದ್ದು ಹೋದರು, ಎರಡು ತಂಡಗಳವರು ಮೈದಾನದ ನಡುವೆಯೇ ಜಗಳಕ್ಕೆ ನಿಂತರು. ‘ಸಾರ್, ನಿಧಾನವಾಗಿ ಆಡುವವರಿಗೆ ಎಂಥ ದಂಡ ಹಾಕಬೇಕು?’ ಎಂಬುದು ಅವನ ಪ್ರಶ್ನೆ. ಗಣಿತದ ಮೇಷ್ಟ್ರು ಎಲ್ಲದಕ್ಕೂ ಲೆಕ್ಕ ಹೇಳುತ್ತಾರೆಂಬ ನಂಬಿಕೆ ಅವನಿಗಿನ್ನೂ ಉಳಿದಿದೆ. ಎರಡು ವಾರದ ಅವಕಾಶ ಕೇಳಿ ಓದತೊಡಗಿದೆ. ಓದಿದಂತೆಲ್ಲ, ಅವನು ಕೇಳಿದ ಪ್ರಶ್ನೆಯೇ ಸರಿಯೇ ಎಂಬ ಸಂಶಯ ಬಲಿಯುತ್ತ ಹೋಯಿತು.

ಗಾಲ್ಫಿನ ಲಿಖಿತ ನಿಯಮಗಳಲ್ಲಿ ನಮಗೆ ದೊರೆತಿರುವ ಅತ್ಯಂತ ಹಳೆಯವು 1744ರಲ್ಲಿ ಸ್ಕಾಟ್ಲೆಂಡಿನ ಲೀತ್ ಎಂಬಲ್ಲಿ, ಬೆಳ್ಳಿಯ ಕೋಲೊಂದರ ಪಂದ್ಯಕ್ಕಾಗಿ ಬರೆದ ಹದಿಮೂರು ನಿಯಮಗಳು. ಅವುಗಳಲ್ಲಿ ಗಡಿಯಾರದ ಮಾತೇ ಇಲ್ಲ. ಆದರೆ ಹನ್ನೆರಡನೆಯ ನಿಯಮವನ್ನು ನೆನಪಿಟ್ಟುಕೊಳ್ಳಿ: ಯಾರ ಚೆಂಡು ಕುಳಿಯಿಂದ ಅತಿ ದೂರದಲ್ಲಿದೆಯೋ ಅವನೇ ಮೊದಲು ಹೊಡೆಯತಕ್ಕದ್ದು. ಆಗಿನ ಆಟ ಬಹುಪಾಲು ಎದುರಾಳಿಗಳ ನಡುವಿನ ಮ್ಯಾಚ್ ಪ್ಲೇ. ಒಂದು ಕುಳಿಯಲ್ಲಿ ಸೋತೆನೆಂದು ಮನವರಿಕೆಯಾದವನು ಚೆಂಡೆತ್ತಿಕೊಂಡು ಮುಂದಿನ ಕುಳಿಗೆ ನಡೆಯುತ್ತಿದ್ದ. ಸೋಲನ್ನು ಕೊನೆಯ ಹೊಡೆತದವರೆಗೆ ಅನುಭವಿಸಬೇಕಾದ ಅಗತ್ಯವಿರಲಿಲ್ಲ. 1759ರಲ್ಲಿ ಸೇಂಟ್ ಆಂಡ್ರ್ಯೂಸಿನಲ್ಲಿ ಇನ್ನೊಂದು ಪದ್ಧತಿ ದಾಖಲೆಗೆ ಬಂತು. ಅದರಲ್ಲಿ ಇಡೀ ಸುತ್ತಿನ ಹೊಡೆತಗಳನ್ನು ಕೂಡಿ, ಯಾರದು ಕಡಿಮೆಯೋ ಅವರಿಗೆ ಜಯ. ಇದೇ ಸ್ಟ್ರೋಕ್ ಪ್ಲೇ. ಇಲ್ಲಿ ಪ್ರತಿಯೊಂದು ಚೆಂಡೂ ಕುಳಿಯೊಳಗೆ ಬೀಳಲೇಬೇಕು. ಹನ್ನೊಂದನೆಯ ಹೊಡೆತವೂ ಲೆಕ್ಕಕ್ಕೆ ಸೇರುವುದರಿಂದ ಅದನ್ನೂ ಮಂಡಿಯೂರಿ, ಕಣ್ಣು ಕಿರಿದು ಮಾಡಿ, ನೆಲದ ಇಳಿಜಾರು ನೋಡಿಯೇ ಹೊಡೆಯುತ್ತಾರೆ. ನಿಧಾನದ ಬೀಜ ಬಿದ್ದದ್ದು ಬಹುಶಃ ಇಲ್ಲಿಯೇ ಎಂದು ನನ್ನ ಎಣಿಕೆ.

ಆದರೂ ಬಹುಕಾಲ ಅದು ಮೊಳೆಯಲಿಲ್ಲ. 1860ರಲ್ಲಿ ಪ್ರೆಸ್ಟ್‌ವಿಕ್‌ನಲ್ಲಿ ನಡೆದ ಮೊಟ್ಟಮೊದಲ ಓಪನ್ ಪಂದ್ಯದಲ್ಲಿ ಎಂಟೇ ಆಟಗಾರರು. ಹನ್ನೆರಡು ಕುಳಿಗಳ ಮೈದಾನವನ್ನು ಮೂರು ಬಾರಿ ಸುತ್ತಿ, ಒಂದೇ ದಿನದಲ್ಲಿ 36 ಕುಳಿಗಳನ್ನು ಮುಗಿಸಿದರು. ಅವರು ವೃತ್ತಿಪರರು. ಹವ್ಯಾಸಿಗಳಿಗಾಗಿಯೇ 1885ರಲ್ಲಿ ಹಾಯ್‌ಲೇಕ್‌ನಲ್ಲಿ ಆರಂಭವಾದ ಅಮೆಚೂರ್ ಚಾಂಪಿಯನ್‌ಷಿಪ್ ಮ್ಯಾಚ್ ಪ್ಲೇ ಆಗಿತ್ತು. ತೊಂದರೆ ಮೊದಲಾದದ್ದು ಎಪ್ಪತ್ತು, ಎಂಬತ್ತು ಮಂದಿ ಒಂದೇ ದಿನ ಒಂದೇ ಮೈದಾನದಲ್ಲಿ ಕಾಗದ-ಪೆನ್ಸಿಲ್ ಹಿಡಿದು ಪ್ರತಿ ಹೊಡೆತವನ್ನೂ ಬರೆದುಕೊಳ್ಳತೊಡಗಿದಾಗ.

ಇದಕ್ಕೆ ಹಿರಿಯರು ನೆಚ್ಚಿಕೊಂಡ ಮದ್ದು ಶಿಷ್ಟಾಚಾರ. ಮುಂದಿನವರಿಗೂ ನಿಮಗೂ ಅಂತರ ಬಿದ್ದರೆ, ಹಿಂದಿನವರಿಗೆ ಕೈಬೀಸಿ ದಾರಿ ಬಿಡಿ. ಸಾಧಾರಣ ದಿನಗಳಲ್ಲಿ ಇದು ಸೊಗಸಾದ ಏರ್ಪಾಟು. ಮೈದಾನ ತುಂಬಿದ ಪಂದ್ಯಾವಳಿಯಲ್ಲಿ ಮಾತ್ರ ನಿಷ್ಪ್ರಯೋಜಕ. ಜಾತ್ರೆಯ ದಿನ ದೇವಸ್ಥಾನದ ಸಾಲಿನಲ್ಲಿ ಮುಂದಿನವರು ದಾರಿ ಬಿಟ್ಟರೂ ನೀವು ಹೋಗುವುದಾದರೂ ಎಲ್ಲಿಗೆ? ಶಿಷ್ಟಾಚಾರ ಸಾಲದಾದಾಗ ನಿಯಮ ಬಂತು. 1968ರಲ್ಲಿ, ಸ್ಟ್ರೋಕ್ ಪ್ಲೇಯಲ್ಲಿ ಕುಳಿಯ ಬಳಿ ಹೊಡೆಯಲು ಆರಂಭಿಸಿದವನು ಚೆಂಡು ಒಳಗೆ ಬೀಳುವವರೆಗೂ ತಾನೇ ಮುಂದುವರಿಸಬೇಕೆಂದು ಕಟ್ಟುಮಾಡಿದರು. ಎರಡೇ ವರ್ಷಗಳಲ್ಲಿ ಅದನ್ನು ಹಿಂತೆಗೆದುಕೊಳ್ಳಬೇಕಾಯಿತು.

ನಿಧಾನಕ್ಕೆ ದೊರೆತ ಮದ್ದುಗಳಲ್ಲಿ ನನಗೆ ಬಲು ಮೆಚ್ಚುಗೆಯಾದದ್ದನ್ನು ಕಂಡುಹಿಡಿದವರು ನಿಧಾನದ ಚಿಂತೆಯನ್ನೇ ಮುಖ್ಯವಾಗಿ ಮಾಡಿದವರಲ್ಲ. ಡಾ. ಫ್ರಾಂಕ್ ಸ್ಟೇಬಲ್‌ಫೋರ್ಡ್ ಎಂಬ ಶಸ್ತ್ರವೈದ್ಯರು ಲಿವರ್‌ಪೂಲಿನ ಬಳಿಯ ವಾಲಸಿ ಕ್ಲಬ್ಬಿನಲ್ಲಿ ಆಡುತ್ತಿದ್ದರು. ಅದು ಕಡಲತೀರ. ಮೊದಲ ಎರಡು ಕುಳಿಗಳಲ್ಲಿಯೇ ಗಾಳಿಗೆ ಸಿಕ್ಕಿ ಎಡವಿದ ಸಾಮಾನ್ಯ ಆಟಗಾರ ಉಳಿದ ಹದಿನಾರನ್ನು ಹತಾಶೆಯಿಂದ ಎಳೆದುಕೊಂಡು ಹೋಗುವುದು ಅವರನ್ನು ಕಾಡಿತು. 1932ರಲ್ಲಿ ಅಲ್ಲಿ ಅವರ ಪದ್ಧತಿಯ ಸ್ಪರ್ಧೆ ನಡೆಯಿತು. ಇಂದಿನ ಲೆಕ್ಕದಂತೆ ಹೇಳುವುದಾದರೆ, ಪ್ರತಿ ಕುಳಿಯನ್ನೂ ನಿಗದಿತ ಹೊಡೆತಗಳಲ್ಲಿ ಮುಗಿಸಿದರೆ ಎರಡು ಅಂಕ, ಒಂದು ಹೆಚ್ಚಾದರೆ ಒಂದಂಕ, ಎರಡೋ ಇನ್ನೂ ಹೆಚ್ಚೋ ಆದರೆ ಸೊನ್ನೆ. ಸೊನ್ನೆ ಖಚಿತವಾದ ಮೇಲೆ ಅಲ್ಲಿ ಹೆಣಗಿ ಫಲವೇನು? ಚೆಂಡೆತ್ತಿ ಜೇಬಿಗೆ ಹಾಕಿಕೊಂಡು ನಡೆದರಾಯಿತು. ಎಡವಿದವನ ಮೇಲಿನ ಕರುಣೆಯಿಂದ ಹುಟ್ಟಿದ ಲೆಕ್ಕವೊಂದು ಹಿಂದೆ ಕಾಯುವವರ ಹೊತ್ತನ್ನೂ ಉಳಿಸಿತು. ಜಗತ್ತಿನಾದ್ಯಂತ ಹವ್ಯಾಸಿಗಳ ಕ್ಲಬ್ಬುಗಳಲ್ಲಿ ಇದು ಇಂದಿಗೂ ಬಳಕೆಯಲ್ಲಿದೆ.

ಅನಂತರದ ಕಾಲ ಗಡಿಯಾರದ ಕಾಲ. 1993ರಲ್ಲಿ ಅಮೆರಿಕದ ಡೀನ್ ನೂತ್ ಎಂಬವರು ಒಂದೊಂದು ಮೈದಾನಕ್ಕೂ, ಅದರ ಉದ್ದವನ್ನೂ ಅಡೆತಡೆಗಳನ್ನೂ ಗಣಿಸಿ, ಇಷ್ಟೇ ಹೊತ್ತು ಸಾಕೆಂದು ಅಳೆಯುವ ಕ್ರಮವನ್ನು ರೂಪಿಸಿದರು. ಅಲ್ಲಿನ ಹವ್ಯಾಸಿ ಚಾಂಪಿಯನ್‌ಷಿಪ್‌ಗಳಲ್ಲಿ ನಾಲ್ಕು, ಒಂಬತ್ತು, ಹದಿಮೂರು, ಹದಿನೆಂಟನೆಯ ಕುಳಿಗಳ ಬಳಿ ತಪಾಸಣೆಯ ಏರ್ಪಾಟು ಬಂತು: ನಿಗದಿತ ಹೊತ್ತು ಮೀರಿದ್ದು ಮಾತ್ರವಲ್ಲದೆ, ಮುಂದಿನ ತಂಡಕ್ಕಿಂತ 14 ನಿಮಿಷಕ್ಕೂ ಹೆಚ್ಚು ಹಿಂದೆ ಬಿದ್ದಿದ್ದರೆ ಮಾತ್ರ ತಪ್ಪು. ಈ ‘ಮಾತ್ರ’ದಲ್ಲಿ ನ್ಯಾಯವಿದೆ, ಮುಂದಿನವರು ಅಡ್ಡ ನಿಂತಿದ್ದರೆ ಹಿಂದಿನವರು ತಾನೇ ಏನು ಮಾಡಿಯಾರು? ಕಿರಿಯರ ಪಂದ್ಯಗಳಲ್ಲಿ ಹಸಿರು, ಕೆಂಪು ಕಾರ್ಡುಗಳನ್ನು ತೋರಿಸುವ ರೂಢಿಯೂ ಬಂತು.

ಆ ಬಳಿಕ 2013ರ ಏಪ್ರಿಲ್ 12. ಅಮೆರಿಕದ ಆಗಸ್ಟಾದಲ್ಲಿ ಮಾಸ್ಟರ್ಸ್ ಪಂದ್ಯದ ಎರಡನೆಯ ದಿನ. ಹಿಂದಿನ ವರ್ಷ ಏಷ್ಯಾ-ಪೆಸಿಫಿಕ್ ಹವ್ಯಾಸಿ ಪ್ರಶಸ್ತಿ ಗೆದ್ದು ಅರ್ಹತೆ ಪಡೆದಿದ್ದ ಚೀನಾದ ಗುವಾನ್ ಟಿಯಾನ್‌ಲಾಂಗ್ ಅಲ್ಲಿ ಆಡುತ್ತಿದ್ದ. ವಯಸ್ಸು ಹದಿನಾಲ್ಕು. ಗಾಳಿ ದಿಕ್ಕು ಬದಲಿಸುತ್ತಿತ್ತು. ಯಾವ ಕೋಲು ಹಿಡಿಯಬೇಕೆಂದು ಬಾಲಕ ಮತ್ತೆ ಮತ್ತೆ ಯೋಚಿಸುತ್ತಿದ್ದ. ಮೊದಲು ಎಚ್ಚರಿಕೆ ಕೊಟ್ಟರು. ಹದಿನೇಳನೆಯ ಕುಳಿಯಲ್ಲಿ ಅವನು ಮತ್ತೆ ನಲವತ್ತು ಸೆಕೆಂಡುಗಳ ಮಿತಿಯನ್ನು ಮೀರಿದಾಗ ರೆಫರಿ ಜಾನ್ ಪ್ಯಾರಮರ್ ಒಂದು ಹೊಡೆತದ ದಂಡ ವಿಧಿಸಿದರು. ವೃತ್ತಿಪರರ ಪಿಜಿಎ ಟೂರ್ ತಾನೇ ನಡೆಸುವ ಪಂದ್ಯಗಳಲ್ಲಿ 1995ರ ಬಳಿಕ ಅಂದಿನವರೆಗೆ ಯಾರೊಬ್ಬರಿಗೂ ಈ ತಪ್ಪಿಗೆ ಹೊಡೆತದ ದಂಡ ಬಿದ್ದಿರಲಿಲ್ಲ. ಬಿದ್ದದ್ದು ಒಬ್ಬ ಶಾಲಾಬಾಲಕನಿಗೆ! ನಿಯಮದ ಪ್ರಕಾರ ರೆಫರಿ ಮಾಡಿದ್ದು ಸರಿಯೇ, ಹುಡುಗನೂ ತಗಾದೆ ಮಾಡದೆ ಒಪ್ಪಿಕೊಂಡ. ಅಂಚಿನಲ್ಲಿ ಉಳಿದು ಮುಂದಿನ ಎರಡು ದಿನಗಳನ್ನೂ ಆಡಿ, ಹವ್ಯಾಸಿಗಳಲ್ಲಿ ಮೊದಲಿಗನಾಗಿ 58ನೆಯ ಸ್ಥಾನದಲ್ಲಿ ಮುಗಿಸಿದ. ಇದೆಲ್ಲ ಗೊತ್ತಿದ್ದೂ, ಅದನ್ನು ಓದಿದ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ. ಕಾರಣವನ್ನು ಮುಂದೆ ಹೇಳುತ್ತೇನೆ. ಅದಕ್ಕೆ ಮೊದಲು ಒಂದು ಸಣ್ಣ ಲೆಕ್ಕ. ನನ್ನ ಶಿಷ್ಯರಾದ ನಿಮಗೆ ಇದರಿಂದ ಬಿಡುಗಡೆಯಿಲ್ಲ.

ಉದ್ದನೆಯ ಕುಳಿಗಳಲ್ಲಿ ಏಕಕಾಲಕ್ಕೆ ಎರಡು ತಂಡಗಳು ಇರಬಹುದು. ಆದರೆ ಒಂದೇ ಹೊಡೆತಕ್ಕೆ ಗ್ರೀನ್ ತಲುಪುವ ಗಿಡ್ಡ ಕುಳಿಯಲ್ಲಿ ಹಾಗಲ್ಲ. ಒಂದು ತಂಡ ಹೊಡೆದು, ನಡೆದು, ಮುಗಿಸಿ, ಜಾಗ ಬಿಡುವವರೆಗೂ ಹಿಂದಿನವರು ಕಾಯಲೇಬೇಕು. ಅಲ್ಲಿ ಒಂದು ತಂಡಕ್ಕೆ 10 ನಿಮಿಷ ಹಿಡಿಯುತ್ತದೆನ್ನಿ. ನನ್ನ ಶಿಷ್ಯನ ಸಮಿತಿ 8 ನಿಮಿಷಕ್ಕೊಂದು ತಂಡವನ್ನು ಮೈದಾನಕ್ಕೆ ಬಿಟ್ಟಿತ್ತು. ಎರಡನೆಯ ತಂಡ ಅಲ್ಲಿ 2 ನಿಮಿಷ ಕಾಯುತ್ತದೆ, ಮೂರನೆಯದು 4, ಇಪ್ಪತ್ತನಾಲ್ಕನೆಯದು 46. ಯಾರೊಬ್ಬರೂ ನಿಧಾನವಾಗಿ ಆಡದಿದ್ದರೂ 46! ಇನ್ನೊಂದು ವಿಚಿತ್ರ ನೋಡಿ. 10 ನಿಮಿಷಕ್ಕೊಂದರಂತೆ ಬಿಟ್ಟಿದ್ದರೆ ಕೊನೆಯ ತಂಡ ಹೊರಡುವುದು 46 ನಿಮಿಷ ತಡವಾಗುತ್ತಿತ್ತು. ಆದರೆ ಆ ಕುಳಿಯನ್ನು ದಾಟುವುದು ಅದೇ ಹೊತ್ತಿಗೆ. ಆ ಮುಕ್ಕಾಲು ಗಂಟೆಯನ್ನು ಮನೆಯಲ್ಲಿ ಕಾಫಿ ಕುಡಿಯುತ್ತ ಕಳೆಯಬೇಕೋ, ಬಿಸಿಲಿನಲ್ಲಿ ನಿಂತು ಮುಂದಿನವರನ್ನು ಶಪಿಸುತ್ತ ಕಳೆಯಬೇಕೋ ಎಂಬುದಷ್ಟೇ ವ್ಯತ್ಯಾಸ. ಅಂತೂ ದಂಡ ಹಾಕಬೇಕಾದದ್ದು ಮೊದಲು ವೇಳಾಪಟ್ಟಿ ಬರೆದವರಿಗೆ.

ಈ ವಾಕ್ಯವನ್ನು ಬರೆದು ಲೇಖನಿ ಕೆಳಗಿಟ್ಟಾಗ ನೆನಪಾದದ್ದು ಆ ಹುಡುಗ. ನಾನು ಕೆಲಸಕ್ಕೆ ಸೇರಿದ ಹೊಸತು. ಪೂರ್ವಸಿದ್ಧತಾ ಪರೀಕ್ಷೆಯ ಗಣಿತದ ಪ್ರಶ್ನೆಪತ್ರಿಕೆ ನನ್ನದೇ. ತರಗತಿಯಲ್ಲಿ ಒಬ್ಬ ನಿಧಾನಿ ಇದ್ದ. ಅಕ್ಷರ ಮುತ್ತಿನಂತೆ, ಹಂತ ಬಿಡದೆ ಬರೆಯುವವನು. ಗಂಟೆ ಹೊಡೆಯಿತು, ಇನ್ನೆರಡು ಸಾಲು ಎಂದು ಅವನು ಬೇಡಿದ. ನಾನು ಉತ್ತರಪತ್ರಿಕೆಯನ್ನು ಅವನ ಕೈಯಡಿಯಿಂದ ಎಳೆದುಕೊಂಡೆ. ಅಂಕಣದುದ್ದಕ್ಕೂ ಶಾಯಿಯ ಗೆರೆಯೊಂದು ಬಿತ್ತು. ‘ಸೋಮಾರಿ’ ಎಂದು ಎಲ್ಲರೆದುರು ಅಂದೆ. ಆ ಪತ್ರಿಕೆಯನ್ನು ಮೂರು ಗಂಟೆಗಳಲ್ಲಿ ಪೂರ್ತಿ ಮುಗಿಸಿದವರು ತರಗತಿಯಲ್ಲಿ ಇಬ್ಬರೇ. ಮೌಲ್ಯಮಾಪನದ ವೇಳೆ ಅದನ್ನು ಗಮನಿಸಿಯೂ ಇದ್ದೆ. ಪತ್ರಿಕೆ ಉದ್ದವಾಯಿತೇನೋ ಎಂದು ಒಮ್ಮೆ ಅನ್ನಿಸಿದ್ದು ನಿಜ. ಆದರೆ ಅವನನ್ನು ಕರೆದು ಆ ಮಾತು ಹೇಳಲಿಲ್ಲ. ಮುಂದಿನ ವರ್ಷ ಅವನು ಶಾಲೆಗೆ ಬರಲಿಲ್ಲ. ಅದಕ್ಕೆ ಮನೆಯ ಕಷ್ಟವೇ ಕಾರಣವೆಂದು ಹೇಳಿದರು, ನಾನೂ ನಂಬಿದೆ.

ಎರಡು ವಾರಗಳ ಬಳಿಕ ಶಿಷ್ಯ ಬಂದಾಗ ಲೆಕ್ಕವನ್ನು ಕಾಗದದ ಮೇಲೆ ತೋರಿಸಿದೆ. 2019ರ ಹೊಸ ನಿಯಮಗಳ ಬಗ್ಗೆ ಅವನಿಗೆ ನನಗಿಂತ ಚೆನ್ನಾಗಿ ತಿಳಿದಿತ್ತು. ಕಳೆದ ಚೆಂಡನ್ನು ಹುಡುಕಲು ಐದು ನಿಮಿಷದ ಬದಲು ಮೂರು ನಿಮಿಷ. ಸಮಿತಿ ಬಯಸಿದರೆ ಪ್ರತಿ ಕುಳಿಗೂ ಹೊಡೆತಗಳ ಗರಿಷ್ಠ ಮಿತಿ. ಸ್ಟ್ರೋಕ್ ಪ್ಲೇಯಲ್ಲಿ, ಅಪಾಯವಿಲ್ಲದಿದ್ದರೆ ಸಿದ್ಧನಾದವನೇ ಮೊದಲು ಹೊಡೆಯಲು ಉತ್ತೇಜನ. 1744ರ ಹನ್ನೆರಡನೆಯ ನಿಯಮ 275 ವರ್ಷಗಳ ಬಳಿಕ ಹೀಗೆ ಸಡಿಲಗೊಂಡಿತು. ಆದರೆ ತಂಡಗಳ ನಡುವಿನ ಅಂತರದ ಮಾತು ಬಂದಾಗ ಅವನು ತಲೆ ಕೆರೆದುಕೊಂಡ. ಅಂತರ ಹೆಚ್ಚಿಸಿದರೂ ಮುಗಿಯುವ ಹೊತ್ತು ಅದೇ. ಅತಿಥಿಗಳಿರುವಾಗಲೇ ಮುಗಿಯಬೇಕಾದರೆ ಆಟಗಾರರನ್ನೇ ಕಡಿಮೆ ಮಾಡಬೇಕು. ಕಡಿಮೆ ಮಾಡಿದರೆ ಪ್ರವೇಶಶುಲ್ಕ ಖೋತಾ, ‘ನನ್ನನ್ನೇಕೆ ಬಿಟ್ಟಿರಿ’ ಎಂಬ ಮುನಿಸು ಬೇರೆ.

ಈ ವರ್ಷದ ಪಂದ್ಯಾವಳಿ ಮೊನ್ನೆ ಮುಗಿಯಿತು. ಇಪ್ಪತ್ತು ತಂಡಗಳು, ಹತ್ತು ನಿಮಿಷದ ಅಂತರ, ಸ್ಟೇಬಲ್‌ಫೋರ್ಡ್ ಪದ್ಧತಿ. ಕೊನೆಯ ತಂಡಕ್ಕೆ ಐದು ಗಂಟೆಗೆ ಸ್ವಲ್ಪ ಕಡಿಮೆ ಹಿಡಿಯಿತೆಂದೂ, ಯಾರಿಗೂ ದಂಡ ಹಾಕಲಿಲ್ಲವೆಂದೂ, ಅವಕಾಶ ಸಿಗದ ಹನ್ನೆರಡು ಮಂದಿಯಲ್ಲಿ ಮೂವರು ತನ್ನೊಡನೆ ಮಾತು ಬಿಟ್ಟಿದ್ದಾರೆಂದೂ ಫೋನಿನಲ್ಲಿ ತಿಳಿಸಿದ.

ಆ ನಿಧಾನಿಯ ಹೆಸರನ್ನು ಇಲ್ಲಿ ಬರೆಯುವುದು ಸರಿಯಲ್ಲ. ಅವನ ಓರಗೆಯವರು ನಿಮ್ಮಲ್ಲಿ ಹಲವರಿದ್ದೀರಿ. ಶಾಯಿಯ ಗೆರೆ ಎಂದೊಡನೆ ಯಾರೆಂದು ತಿಳಿದಿರುತ್ತದೆ. ಅವನು ಎಲ್ಲಿದ್ದಾನೆಂದು ಗೊತ್ತಿದ್ದರೆ ದಯವಿಟ್ಟು ನನಗೊಂದು ಸಾಲು ಬರೆಯಿರಿ.