ಮಜ್ಜಿಗೆ ಹುಲ್ಲಿನ ಎಣ್ಣೆ

ಮಜ್ಜಿಗೆ ಹುಲ್ಲಿನ ಎಣ್ಣೆಯು ಮಜ್ಜಿಗೆ ಹುಲ್ಲಿನ ಎಲೆಗಳನ್ನು ಹಬೆಯಲ್ಲಿ ಬಟ್ಟಿ ಇಳಿಸಿ ಪಡೆಯುವ ಸುಗಂಧ ತೈಲವಾಗಿದೆ. ಈ ಸಸ್ಯವನ್ನು ನಿಂಬೆಹುಲ್ಲು ಮತ್ತು ಲೆಮನ್‌ಗ್ರಾಸ್ ಎಂದೂ ಕರೆಯುತ್ತಾರೆ. ಹಳದಿ ಬಣ್ಣದ, ನಿಂಬೆಯಂತಹ ತೀಕ್ಷ್ಣ ಪರಿಮಳದ ಈ ಎಣ್ಣೆಯನ್ನು ಸಾಬೂನು, ಸುಗಂಧದ್ರವ್ಯ, ಕೇಶತೈಲ ಮತ್ತು ಚರ್ಮದ ಆರೈಕೆಯ ಉತ್ಪನ್ನಗಳಲ್ಲಿ ಬಳಸಲಾಗುತ್ತದೆ. ಇದರ ಮುಖ್ಯ ಘಟಕವಾದ ಸಿಟ್ರಾಲ್ ಶಿಲೀಂಧ್ರಗಳನ್ನು ತಡೆಯುತ್ತದೆ. ಆದರೆ ಅದೇ ಸಿಟ್ರಾಲ್ ಚರ್ಮಕ್ಕೆ ಉರಿ ಮತ್ತು ಅಲರ್ಜಿಯನ್ನೂ ಉಂಟುಮಾಡಬಲ್ಲದು. ಆದ್ದರಿಂದ ಎಣ್ಣೆಯನ್ನು ಎಷ್ಟು ತೆಳುಗೊಳಿಸಲಾಗಿದೆ ಎಂಬುದು ಅದರ ಬಳಕೆಯಲ್ಲಿ ಅತಿ ಮುಖ್ಯವಾದ ಸಂಗತಿ.

ಸಸ್ಯ ಮತ್ತು ತಯಾರಿಕೆ

ಮಜ್ಜಿಗೆ ಹುಲ್ಲು ಭತ್ತ, ರಾಗಿಗಳು ಸೇರಿದ ಪೋಯೇಸಿ ಕುಟುಂಬದ ಬಹುವಾರ್ಷಿಕ ಸಸ್ಯ. ಎಣ್ಣೆಗಾಗಿ ಮುಖ್ಯವಾಗಿ ಎರಡು ಪ್ರಭೇದಗಳನ್ನು ಬೆಳೆಯುತ್ತಾರೆ. ಸಿಂಬೊಪೋಗನ್ ಫ್ಲೆಕ್ಸುವೋಸಸ್ ಎಂಬುದರ ಎಣ್ಣೆಯನ್ನು ಪೂರ್ವ ಭಾರತೀಯ ಎಣ್ಣೆ ಎನ್ನುತ್ತಾರೆ. ಇದು ಕೊಚ್ಚಿ ಬಂದರಿನ ಮೂಲಕ ರಫ್ತಾಗುತ್ತಿದ್ದುದರಿಂದ ವ್ಯಾಪಾರದಲ್ಲಿ ಕೊಚ್ಚಿನ್ ಎಣ್ಣೆ ಎಂಬ ಹೆಸರೂ ಬಂದಿತು. ಸಿಂಬೊಪೋಗನ್ ಸಿಟ್ರೇಟಸ್‌ನಿಂದ ದೊರೆಯುವುದು ಪಶ್ಚಿಮ ಭಾರತೀಯ ಎಣ್ಣೆ. ಇಲ್ಲಿ ‘ಪಶ್ಚಿಮ ಭಾರತೀಯ’ ಎಂಬುದು ವೆಸ್ಟ್ ಇಂಡೀಸ್ ದ್ವೀಪಗಳನ್ನು ಸೂಚಿಸುತ್ತದೆ. ಕೇರಳದ ಓಡಕ್ಕಾಲಿಯಲ್ಲಿ 1951ರಲ್ಲಿ ಈ ಬೆಳೆಗಾಗಿಯೇ ಸಂಶೋಧನಾ ಕೇಂದ್ರವೊಂದು ಸ್ಥಾಪನೆಯಾಯಿತು.

ಕೊಯ್ದ ಹುಲ್ಲನ್ನು ಸ್ವಲ್ಪ ಬಾಡಲು ಬಿಟ್ಟು, ಬಟ್ಟಿ ಪಾತ್ರೆಯಲ್ಲಿ ತುಂಬಿ ಹಬೆ ಹಾಯಿಸುತ್ತಾರೆ. ಹಬೆಯೊಡನೆ ಹೊರಬರುವ ಎಣ್ಣೆಯ ಆವಿಯನ್ನು ತಂಪುಗೊಳಿಸಿದಾಗ, ನೀರಿಗಿಂತ ಹಗುರವಾದ ಎಣ್ಣೆ ಮೇಲೆ ತೇಲುತ್ತದೆ. 100 ಕೆ.ಜಿ. ಹಸಿ ಹುಲ್ಲಿನಿಂದ ಸಾಮಾನ್ಯವಾಗಿ ಅರ್ಧ ಕೆ.ಜಿ.ಗಿಂತ ಹೆಚ್ಚು ಎಣ್ಣೆ ಸಿಗುವುದಿಲ್ಲ. ಹೀಗಾಗಿ ಕಷಾಯಕ್ಕೆ ಹಾಕುವ ಕೆಲವು ಎಲೆಗಳಿಗೂ ಒಂದು ಹನಿ ಎಣ್ಣೆಗೂ ಸಾಂದ್ರತೆಯಲ್ಲಿ ಬಹಳ ಅಂತರವಿದೆ.

ರಾಸಾಯನಿಕ ಸಂಯೋಜನೆ

ಉತ್ತಮ ಎಣ್ಣೆಯಲ್ಲಿ ಸುಮಾರು ಶೇ. 70ರಿಂದ 85ರಷ್ಟು ಸಿಟ್ರಾಲ್ ಇರುತ್ತದೆ. ಇದು ಜೆರೇನಿಯಲ್ ಮತ್ತು ನೆರಾಲ್ ಎಂಬ ಎರಡು ಆಲ್ಡಿಹೈಡ್‌ಗಳ ಮಿಶ್ರಣ. ಸಿಟ್ರಾಲ್‌ನಿಂದ ನೇರಳೆ ಹೂವಿನ ಪರಿಮಳ ಬೀರುವ ಅಯೋನೋನ್ ಅನ್ನು ತಯಾರಿಸಬಹುದು. ಅಯೋನೋನ್ ಎ ಜೀವಸತ್ವದ ಕೃತಕ ತಯಾರಿಕೆಗೂ ಮೂಲವಸ್ತುವಾಗಿದೆ.

ಚರ್ಮ ಮತ್ತು ಕೂದಲಿನ ಆರೈಕೆ

ಸಿಟ್ರಾಲ್ ಶಿಲೀಂಧ್ರದ ಜೀವಕೋಶದ ಪೊರೆಯನ್ನು ಹಾನಿಗೊಳಿಸುತ್ತದೆ. ತಲೆಹೊಟ್ಟಿಗೂ ಚಿಬ್ಬಿಗೂ ಸಂಬಂಧಿಸಿದ ಮಲಸ್ಸೀಜಿಯ ಎಂಬ ಯೀಸ್ಟ್‌ನ ಮೇಲೂ ಈ ಎಣ್ಣೆಯ ಪರಿಣಾಮವನ್ನು ಪರೀಕ್ಷಿಸಲಾಗಿದೆ. ಥಾಯ್ಲೆಂಡಿನಲ್ಲಿ 30 ಮಂದಿಯ ಮೇಲೆ ನಡೆದ ಪ್ರಯೋಗದಲ್ಲಿ ಶೇ. 5, 10 ಮತ್ತು 15ರಷ್ಟು ಎಣ್ಣೆಯುಳ್ಳ ಕೇಶದ್ರವಗಳನ್ನು ಹೋಲಿಸಲಾಯಿತು. ಎರಡು ವಾರಗಳಲ್ಲಿ ಹೊಟ್ಟು ಹೆಚ್ಚು ಕಡಿಮೆಯಾದದ್ದು ಶೇ. 10ರ ದ್ರವದಿಂದ; ಅದಕ್ಕಿಂತ ಗಾಢವಾದದ್ದು ಹೆಚ್ಚಿನ ಫಲ ನೀಡಲಿಲ್ಲ. ಬ್ರೆಜಿಲ್‌ನಲ್ಲಿ ಚಿಬ್ಬು ಇದ್ದವರ ಮೇಲೆ ನಡೆದ ಅಧ್ಯಯನದಲ್ಲಿ ಈ ಎಣ್ಣೆಯಿಂದ ಶೇ. 60ರಷ್ಟು ರೋಗಿಗಳು ಗುಣಮುಖರಾದರೆ, ಕೀಟೊಕೊನಜೋಲ್ ಔಷಧ ಪಡೆದವರಲ್ಲಿ ಆ ಪ್ರಮಾಣ ಶೇ. 80ನ್ನು ಮೀರಿತ್ತು. ಅಂದರೆ ಎಣ್ಣೆಗೆ ಗುಣವಿದ್ದರೂ ಅದು ರೂಢಿಯ ಔಷಧಕ್ಕೆ ಸರಿಸಾಟಿಯಾಗಲಿಲ್ಲ.

ಮೊಡವೆಗಳಿಗೂ ಈ ಎಣ್ಣೆಯನ್ನು ಸೂಚಿಸುವುದುಂಟು. ಪ್ರಯೋಗಾಲಯದಲ್ಲಿ ಇದು ಹಲವು ಬ್ಯಾಕ್ಟೀರಿಯಗಳ ಬೆಳವಣಿಗೆಯನ್ನು ತಡೆಯುತ್ತದೆ. ಆದರೆ ಗಾಜಿನ ತಟ್ಟೆಯಲ್ಲಿ ಕಂಡ ಫಲಿತಾಂಶವು ಜೀವಂತ ಚರ್ಮದ ಮೇಲೆಯೂ ಹಾಗೆಯೇ ದೊರೆಯುತ್ತದೆ ಎಂದು ಹೇಳಲಾಗದು. ಮೊಡವೆಯಿಂದ ಕೆರಳಿದ ಚರ್ಮಕ್ಕೆ ಗಾಢ ಎಣ್ಣೆ ತಗುಲಿದರೆ ಉರಿ ಹೆಚ್ಚಬಹುದು.

ಇತರ ಬಳಕೆಗಳು

ಮನಸ್ಸನ್ನು ಹಗುರಗೊಳಿಸಲು ಇದರ ಪರಿಮಳವನ್ನು ಗಂಧಚಿಕಿತ್ಸೆಯಲ್ಲಿ ಬಳಸುತ್ತಾರೆ. ನಿದ್ರೆ ತರಿಸುತ್ತದೆ ಎಂಬ ನಂಬಿಕೆಯಿಂದ ಎಲೆಗಳ ಚಹಾ ಕುಡಿಯುವುದು ಬ್ರೆಜಿಲ್‌ನಲ್ಲಿ ರೂಢಿಯಲ್ಲಿದೆ. ಆದರೆ 1986ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಆ ಚಹಾ ನಿದ್ರೆಯ ಮೇಲಾಗಲಿ ಆತಂಕದ ಮೇಲಾಗಲಿ ಪರಿಣಾಮ ತೋರಲಿಲ್ಲ. ಸೊಳ್ಳೆ ಓಡಿಸಲು ಹಚ್ಚಿದ ಎಣ್ಣೆ ಬೇಗನೆ ಆವಿಯಾಗುವುದರಿಂದ ಅದರ ರಕ್ಷಣೆ ಅಲ್ಪಕಾಲದ್ದು. ಜೇನುನೊಣಗಳು ಪರಸ್ಪರ ಕರೆಯಲು ಹೊಮ್ಮಿಸುವ ವಾಸನೆಯಲ್ಲಿಯೂ ಸಿಟ್ರಾಲ್ ಇರುವುದರಿಂದ, ಜೇನು ಸಾಕಣೆದಾರರು ಹಿಂಡನ್ನು ಪೆಟ್ಟಿಗೆಗೆ ಸೆಳೆಯಲು ಇದೇ ಎಣ್ಣೆಯನ್ನು ಬಳಸುತ್ತಾರೆ.

ಸುರಕ್ಷತೆ

ಯುರೋಪಿಯನ್ ಒಕ್ಕೂಟದಲ್ಲಿ ಸಿಟ್ರಾಲ್ ಅನ್ನು ಅಲರ್ಜಿಕಾರಕ ಸುಗಂಧವಸ್ತುಗಳ ಪಟ್ಟಿಗೆ ಸೇರಿಸಲಾಗಿದೆ. ತೊಳೆಯದೆ ಉಳಿಸುವ ಲೇಪನಗಳಲ್ಲಿ ಶೇ. 0.001, ತೊಳೆದುಬಿಡುವ ಸಾಬೂನು ಮೊದಲಾದವುಗಳಲ್ಲಿ ಶೇ. 0.01 ಮೀರಿದರೆ ಅದರ ಹೆಸರನ್ನು ಚೀಟಿಯಲ್ಲಿ ನಮೂದಿಸಬೇಕು. ಒಮ್ಮೆ ಅಲರ್ಜಿ ಉಂಟಾದವರಿಗೆ ಮುಂದೆ ಅಲ್ಪ ಪ್ರಮಾಣದಿಂದಲೂ ತುರಿಕೆ, ದದ್ದುಗಳು ಮರುಕಳಿಸಬಹುದು.

ಮೈಗೆ ಹಚ್ಚುವ ಮಿಶ್ರಣದಲ್ಲಿ ಈ ಎಣ್ಣೆಯ ಪ್ರಮಾಣವನ್ನು ಸಾಮಾನ್ಯವಾಗಿ ಶೇ. 1ಕ್ಕಿಂತ ಕಡಿಮೆ ಇರಿಸಲಾಗುತ್ತದೆ. 10 ಮಿ.ಲೀ. ಕೊಬ್ಬರಿ ಎಣ್ಣೆಗೆ ಒಂದು ಹನಿ ಬೆರೆಸಿದರೆ ಸುಮಾರು ಶೇ. 0.5 ಆಗುತ್ತದೆ. ಮೊದಲು ಮುಂಗೈಯ ಒಳಭಾಗಕ್ಕೆ ಸ್ವಲ್ಪ ಹಚ್ಚಿ ಒಂದೆರಡು ದಿನ ಗಮನಿಸುವುದು ರೂಢಿ. ಎಣ್ಣೆಯು ನೀರಿನಲ್ಲಿ ಕರಗದ ಕಾರಣ ಸ್ನಾನದ ನೀರಿಗೆ ನೇರವಾಗಿ ಹಾಕಿದರೆ ತೆಳುವಾಗದೆಯೇ ಮೈಗೆ ಅಂಟುತ್ತದೆ. ಕಣ್ಣು, ಗಾಯ ಮತ್ತು ಶಿಶುಗಳ ಚರ್ಮಕ್ಕೆ ಇದು ತಗುಲಬಾರದು. ಎಣ್ಣೆಯನ್ನು ಕುಡಿಯುವುದು ಅಪಾಯಕರ. ಹೆಚ್ಚಿನ ಪ್ರಮಾಣದ ಸಿಟ್ರಾಲ್‌ನಿಂದ ಪ್ರಾಣಿಗಳ ಭ್ರೂಣಕ್ಕೆ ಹಾನಿಯಾದುದು ಪ್ರಯೋಗಗಳಲ್ಲಿ ಕಂಡುಬಂದಿರುವುದರಿಂದ, ಗರ್ಭಿಣಿಯರು ವೈದ್ಯರ ಸಲಹೆಯಿಲ್ಲದೆ ಇದನ್ನು ಬಳಸಬಾರದು.

ಸಂಗ್ರಹಣೆ

ಗಾಳಿ ಮತ್ತು ಬೆಳಕಿಗೆ ಒಡ್ಡಿದಾಗ ಸಿಟ್ರಾಲ್ ಉತ್ಕರ್ಷಣಗೊಂಡು ಎಣ್ಣೆಯ ಗುಣ ಕೆಡುತ್ತದೆ. ಹೀಗೆ ಹಳತಾದ ಎಣ್ಣೆ ಚರ್ಮವನ್ನು ಹೆಚ್ಚು ಕೆರಳಿಸಬಹುದು. ಆದ್ದರಿಂದ ಇದನ್ನು ಕಂದು ಗಾಜಿನ ಸೀಸೆಯಲ್ಲಿ ಬಿಗಿಯಾಗಿ ಮುಚ್ಚಿ, ತಂಪಾದ ಸ್ಥಳದಲ್ಲಿ ಇಡಲಾಗುತ್ತದೆ.